ಕೊಲೆಗಾರ ಸಿಕ್ಕಿದ, ಜಗಳ ಮುಗಿಯಲಿಲ್ಲ

ರಾತ್ರಿ ಹೊತ್ತು. ಅಮೆರಿಕದ ವಾಯವ್ಯ ಮೂಲೆಯ ಊರೊಂದರಲ್ಲಿ ಎರಡಂತಸ್ತಿನ ಮನೆಯ ಮುಂದೆ ಕಾರು ನಿಲ್ಲುತ್ತದೆ. ಎಫ್‌ಬಿಐ ಏಜೆಂಟ್ ಡೇಲ್ ಕೂಪರ್ ಇಳಿದು, ಜತೆಗಿದ್ದ ಹೆಂಗಸನ್ನು ಕರೆದುಕೊಂಡು ಮೆಟ್ಟಿಲು ಹತ್ತುತ್ತಾನೆ. ಆಕೆ ಟೆಕ್ಸಸ್ ರಾಜ್ಯದ ಒಡೆಸ್ಸಾದಲ್ಲಿ ಹೋಟೆಲ್ ಕೆಲಸಕ್ಕಿದ್ದವಳು, ಹೆಸರು ಕ್ಯಾರಿ ಪೇಜ್ ಎಂದು ಹೇಳಿಕೊಂಡವಳು. ಕೂಪರನ ನಂಬಿಕೆ ಬೇರೆ: ಇವಳು ಲಾರಾ ಪಾಮರ್, ಇದು ಇವಳ ಅಮ್ಮನ ಮನೆ. ಬಾಗಿಲು ತಟ್ಟಿದರೆ ತೆರೆಯುವವಳು ಯಾರೋ ಅಪರಿಚಿತೆ. ಸಾರಾ ಪಾಮರ್ ಎಂಬ ಹೆಸರಿನವರು ಇಲ್ಲಿಲ್ಲ, ನನ್ನ ಹೆಸರು ಆಲಿಸ್ ಟ್ರೆಮಂಡ್, ಮನೆಯನ್ನು ಮಿಸೆಸ್ ಚಾಲ್‌ಫಾಂಟ್ ಅವರಿಂದ ಕೊಂಡೆವು ಎನ್ನುತ್ತಾಳೆ. ಬಂದವರಿಬ್ಬರೂ ವಾಪಸ್ ರಸ್ತೆಗಿಳಿಯುತ್ತಾರೆ. ಕೂಪರ್ ನಾಲ್ಕು ಹೆಜ್ಜೆ ಹಾಕಿ, ತಬ್ಬಿಬ್ಬಾಗಿ ನಿಂತು, ಇದು ಯಾವ ಇಸವಿ ಎಂದು ಕೇಳುತ್ತಾನೆ. ಹೆಂಗಸು ಮನೆಯ ಕಡೆ ನೋಡುತ್ತಾಳೆ. ಒಳಗೆಲ್ಲೋ ಯಾರೋ ‘ಲಾರಾ’ ಎಂದು ಕರೆದಂತೆ ಕೇಳುತ್ತದೆ. ಆಕೆ ಚೀರುತ್ತಾಳೆ. ಮನೆಯ ದೀಪಗಳೆಲ್ಲ ಆರಿಹೋಗುತ್ತವೆ.

2017ರ ಸೆಪ್ಟೆಂಬರ್ 3ರಂದು ಶೋಟೈಮ್ ವಾಹಿನಿಯಲ್ಲಿ ‘ಟ್ವಿನ್ ಪೀಕ್ಸ್’ ಮುಗಿದದ್ದು ಹೀಗೆ. ಅಂದಿನಿಂದ ಅದರ ಅಭಿಮಾನಿಗಳಲ್ಲಿ ಒಮ್ಮತವಿಲ್ಲ. ಇಷ್ಟು ವರ್ಷ ಕಾಯಿಸಿ ಕೈಕೊಟ್ಟರು ಎನ್ನುವವರು ಒಂದು ಕಡೆ. ಟಿ.ವಿ. ಇಷ್ಟು ಧೈರ್ಯವಾಗಿ ಎಂದೂ ಮುಗಿದಿರಲಿಲ್ಲ ಎನ್ನುವವರು ಇನ್ನೊಂದು ಕಡೆ. ಉತ್ತರ ಅಲ್ಲೇ ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ ಎನ್ನುವವರು ಮೂರನೆಯವರು. ಜಾಸ್ತಿ ಮಾತಾಡುವವರೂ ಇವರೇ. 2007ರಲ್ಲಿ ‘ದಿ ಸೊಪ್ರಾನೋಸ್’ ಧಾರಾವಾಹಿ ದೃಶ್ಯದ ನಡುವೆಯೇ ತೆರೆ ಕಪ್ಪಾಗಿಸಿ ಮುಗಿದಾಗಲೂ ಗಲಾಟೆಯಾಗಿತ್ತು. ಅಲ್ಲಿ ಕನಿಷ್ಠ ಪ್ರಶ್ನೆಯಾದರೂ ಒಂದೇ: ನಾಯಕ ಸತ್ತನೋ, ಬದುಕಿದನೋ? ಟ್ವಿನ್ ಪೀಕ್ಸ್ ವಿಷಯದಲ್ಲಿ ಪ್ರಶ್ನೆ ಯಾವುದು ಎಂಬುದರ ಬಗ್ಗೆಯೇ ಜಗಳ.

ಇನ್ನೂ ನೋಡದವರಿಗೆ ಒಂದು ಮಾತು. ಈ ಲೇಖನ ಗುಟ್ಟುಗಳನ್ನೆಲ್ಲ ಬಿಟ್ಟುಕೊಡುತ್ತದೆ. ಗುಟ್ಟು ತಿಳಿದರೂ ಈ ಧಾರಾವಾಹಿಗೆ ನಷ್ಟವಿಲ್ಲ ಎಂಬುದು ನನ್ನ ವಾದದ ಅರ್ಧಭಾಗವಾದ್ದರಿಂದ ಕ್ಷಮೆ ಕೇಳುವುದಿಲ್ಲ.

ಕಥೆ ಶುರುವಾದದ್ದು 1990ರ ಏಪ್ರಿಲ್ 8ರಂದು, ಎಬಿಸಿ ವಾಹಿನಿಯಲ್ಲಿ. ಕೆನಡಾ ಗಡಿಗೆ ಹತ್ತಿರದ, ಮರದ ಮಿಲ್ಲನ್ನು ನಂಬಿ ಬದುಕುವ ಊರು ಟ್ವಿನ್ ಪೀಕ್ಸ್. ನೀರಿನಂಚಿನಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಹೆಣವೊಂದು ಸಿಗುತ್ತದೆ. ಅದು ಊರಿಗೆಲ್ಲ ಅಚ್ಚುಮೆಚ್ಚಿನ ಹೈಸ್ಕೂಲ್ ಹುಡುಗಿ ಲಾರಾ ಪಾಮರಳದ್ದು. ಆ ರಾತ್ರಿ ಮೂರು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದನ್ನು ನೋಡಿದರು. ಲಾರಾಳನ್ನು ಕೊಂದವರು ಯಾರು ಎಂಬುದು ಅಮೆರಿಕದ ಆಫೀಸುಗಳಲ್ಲಿ ಚಹಾ ಹೊತ್ತಿನ ಮಾತಾಯಿತು. ವಿಸಿಆರ್‌ನಲ್ಲಿ ಕಂತುಗಳನ್ನು ಹಿಡಿದಿಟ್ಟು, ತಡೆದು ತಡೆದು, ಒಂದೊಂದೇ ಚಿತ್ರವನ್ನು ಪರೀಕ್ಷಿಸುವ ಅಭಿಮಾನಿಗಳು ಹುಟ್ಟಿಕೊಂಡರು. ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ ಇವರ ಬಗ್ಗೆ ಮುಂದೆ ಪ್ರಬಂಧವನ್ನೇ ಬರೆದರು. ಪ್ರತಿ ಕಪ್ ಕಾಫಿಗೂ ಪ್ರತಿ ಗೂಬೆಗೂ ಅರ್ಥವಿರಲೇಬೇಕು, ಮಾಡಿದವರು ಎಲ್ಲವನ್ನೂ ಯೋಚಿಸಿಯೇ ಇಟ್ಟಿರುತ್ತಾರೆ ಎಂಬ ಗಾಢ ನಂಬಿಕೆ ಅವರದು.

ಆದರೆ ಮಾಡಿದವರು ಇಬ್ಬರು, ಮತ್ತು ಇಬ್ಬರೂ ಎರಡು ದಿಕ್ಕಿನವರು. ಡೇವಿಡ್ ಲಿಂಚ್ ಚಿತ್ರಕಲೆ ಕಲಿತು ಸಿನಿಮಾಕ್ಕೆ ಬಂದವರು. ‘ಎರೇಸರ್‌ಹೆಡ್’, ‘ಬ್ಲೂ ವೆಲ್ವೆಟ್’ ಮಾಡಿ, ಇವುಗಳ ಅರ್ಥವೇನು ಎಂದು ಕೇಳಿದವರಿಗೆಲ್ಲ ನಗುತ್ತಲೇ ಬಾಗಿಲು ಹಾಕಿದವರು. ಮಾರ್ಕ್ ಫ್ರಾಸ್ಟ್ ‘ಹಿಲ್ ಸ್ಟ್ರೀಟ್ ಬ್ಲೂಸ್’ ಎಂಬ ಪೊಲೀಸ್ ಧಾರಾವಾಹಿಗೆ ಬರೆದು ಪಳಗಿದವರು. ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್ ಅವರನ್ನೇ ನಾಯಕನನ್ನಾಗಿಸಿ ಮುಂದೆ ಕಾದಂಬರಿ ಬರೆದವರು. ಕೊಲೆಯ ಪ್ರಶ್ನೆ ಹಿನ್ನೆಲೆಗೆ ಸರಿದು ಊರೇ ಕಥೆಯಾಗಲಿ, ಉತ್ತರ ಬಾರದಿದ್ದರೂ ಆಗಬಹುದು ಎಂದು ಲಿಂಚ್. ಕೇಳಿದ ಪ್ರಶ್ನೆಗೆ ಜನರಿಗೆ ಉತ್ತರ ಕೊಡಬೇಕಾದ ಋಣ ನಮ್ಮ ಮೇಲಿದೆ ಎಂಬ ಕಡೆಗೆ ಫ್ರಾಸ್ಟ್. ಎಬಿಸಿಯ ಮನರಂಜನಾ ವಿಭಾಗದ ಮುಖ್ಯಸ್ಥರಾಗಿದ್ದ, ಮುಂದೆ ಡಿಸ್ನಿ ಕಂಪನಿಯನ್ನು ನಡೆಸಿದ ಬಾಬ್ ಐಗರ್ ಕೂಡ ಉತ್ತರ ಬೇಕು ಎಂದರು. 2017ರಲ್ಲಿ ಅಭಿಮಾನಿಗಳು ಆಡಿದ ಜಗಳವನ್ನು ಇವರು 27 ವರ್ಷ ಮೊದಲೇ ಆಡಿ ಮುಗಿಸಿದ್ದರು.

ಉತ್ತರ ಬಂದದ್ದು 1990ರ ನವೆಂಬರ್ 10ರ ಕಂತಿನಲ್ಲಿ. ಗುಟ್ಟು ಸೋರದಿರಲೆಂದು ಕೊಲೆಯ ದೃಶ್ಯವನ್ನು ಮೂವರು ಬೇರೆ ಬೇರೆ ನಟರನ್ನಿಟ್ಟು ಚಿತ್ರೀಕರಿಸಿದ್ದರು. ಪ್ರಸಾರವಾದದ್ದರಲ್ಲಿ ಕೊಲೆಗಾರ ಲಾರಾಳ ತಂದೆ ಲೀಲಂಡ್ ಪಾಮರ್; ಅವನ ಮೈಮೇಲೆ ಬಾಬ್ ಎಂಬ ದುಷ್ಟಶಕ್ತಿ. ಆ ಕಂತನ್ನು ಲಿಂಚ್ ಅವರೇ ನಿರ್ದೇಶಿಸಿದರು. ಇಂದಿಗೂ ಅದನ್ನು ನೋಡಿ ಹೊಟ್ಟೆ ತೊಳಸದವರು ಕಡಿಮೆ. ಅಲ್ಲಿಂದ ಧಾರಾವಾಹಿ ಬಿದ್ದುಹೋಯಿತು. ಶನಿವಾರ ರಾತ್ರಿಯ ಪ್ರಸಾರ ಮೊದಲೇ ಏಟು ಕೊಟ್ಟಿತ್ತು; ಕೊಲ್ಲಿ ಯುದ್ಧದ ಸುದ್ದಿ ಕೆಲವು ವಾರ ನುಂಗಿತು; 1991ರ ಫೆಬ್ರವರಿಯಲ್ಲಿ ಎಬಿಸಿ ಪ್ರಸಾರವನ್ನೇ ತಡೆಹಿಡಿಯಿತು. ಅಭಿಮಾನಿಗಳು ಸಂಘ ಕಟ್ಟಿ ಪತ್ರ ಬರೆದು ಉಳಿದ ಕಂತುಗಳನ್ನು ಹಾಕಿಸಿಕೊಂಡರು. ಚಿನ್ನದ ಮೊಟ್ಟೆಯಿಡುವ ಹಕ್ಕಿಯನ್ನು ಕೊಂದೆವು ಎಂಬ ಧಾಟಿಯಲ್ಲಿ ಲಿಂಚ್ ಕೊನೆಯವರೆಗೂ ಆ ನವೆಂಬರನ್ನು ನೆನೆಯುತ್ತಿದ್ದರು.

1991ರ ಜೂನ್ 10ರಂದು ಎರಡು ಕಂತು ಒಟ್ಟಿಗೇ ಹಾಕಿ ಎಬಿಸಿ ಕೈತೊಳೆದುಕೊಂಡಿತು. ಕೊನೆಯ ಕಂತಿನ ಚಿತ್ರಕಥೆಯಲ್ಲಿದ್ದ ‘ಬ್ಲ್ಯಾಕ್ ಲಾಡ್ಜ್’ ದೃಶ್ಯಗಳನ್ನು ಲಿಂಚ್ ಸೆಟ್ಟಿನಲ್ಲೇ ಬಹುಪಾಲು ಬದಲಾಯಿಸಿದರು. ಕೆಂಪು ಪರದೆಗಳ ಕೋಣೆಯಲ್ಲಿ ಕೂಪರ್ ಸಿಕ್ಕಿಬೀಳುತ್ತಾನೆ. 25 ವರ್ಷ ಬಿಟ್ಟು ಮತ್ತೆ ಸಿಗುತ್ತೇನೆಂದು ಲಾರಾ ಅವನಿಗೆ ಹೇಳುತ್ತಾಳೆ. ಅವನ ರೂಪ ಹೊತ್ತ ಇನ್ನೊಬ್ಬ ಹೊರಗೆ ಬಂದು, ಹೋಟೆಲಿನ ಬಚ್ಚಲುಮನೆಯ ಕನ್ನಡಿಗೆ ಹಣೆ ಚಚ್ಚಿಕೊಳ್ಳುತ್ತಾನೆ. ಒಡೆದ ಕನ್ನಡಿಯಲ್ಲಿ ನಗುವ ಮುಖ ಬಾಬ್‌ನದು. ಅಷ್ಟಕ್ಕೇ ಬಿಟ್ಟರು. ಮರುವರ್ಷ ಕಾನ್ ಚಿತ್ರೋತ್ಸವಕ್ಕೆ ಬಂದ ‘ಫೈರ್ ವಾಕ್ ವಿತ್ ಮೀ’ ಸಿನಿಮಾದಲ್ಲಾದರೂ ಕೂಪರ್ ಏನಾದ ಎಂದು ತಿಳಿಯಬಹುದೆಂದು ಕಾದವರಿಗೆ ಸಿಕ್ಕಿದ್ದು ಲಾರಾಳ ಕೊನೆಯ ಏಳು ದಿನಗಳ ಕಥೆ. ಬೈದರು. ಇಂದು ಅದೇ ಸಿನಿಮಾವನ್ನು ಲಿಂಚ್ ಅವರ ಅತ್ಯುತ್ತಮ ಕೃತಿಗಳ ಸಾಲಿನಲ್ಲಿ ಇಡುವವರು ಬಹಳ ಮಂದಿ.

ಈಗ, ಉತ್ತರ ಅಲ್ಲೇ ಇದೆ ಎನ್ನುವ ಆ ಮೂರನೆಯ ಪಂಗಡದ ವಿಚಾರಕ್ಕೆ ಬರೋಣ. ಅವರ ಶ್ರಮವನ್ನು ಕಂಡರೆ ಗೌರವ ಬರುತ್ತದೆ, ಒಮ್ಮೊಮ್ಮೆ ಭಯವೂ.

2017ರಲ್ಲಿ ಧಾರಾವಾಹಿ ಶೋಟೈಮ್‌ನಲ್ಲಿ ಮರಳಿ ಬಂದಾಗ, ಅದರ ಹದಿನೆಂಟು ಭಾಗಗಳಲ್ಲಿ ಕೊನೆಯ ಎರಡು ಒಂದೇ ರಾತ್ರಿ ಪ್ರಸಾರವಾದವು. ಹದಿನೇಳನೆಯದು ಎಲ್ಲರಿಗೂ ಬೇಕಾದ ಮುಕ್ತಾಯವನ್ನೇ ಕೊಡುತ್ತದೆ: ಶೆರಿಫ್ ಕಚೇರಿಯಲ್ಲಿ ಎಲ್ಲರೂ ಸೇರುತ್ತಾರೆ, ನಕಲಿ ಕೂಪರ್ ಸಾಯುತ್ತಾನೆ, ಹಸಿರು ಕೈಗವಸಿನ ಹುಡುಗನೊಬ್ಬ ಬಾಬ್‌ನನ್ನು ಗುದ್ದಿ ಚೂರುಚೂರು ಮಾಡುತ್ತಾನೆ. ಅಷ್ಟರಲ್ಲಿ ಕೂಪರನ ದೊಡ್ಡ ಮುಖವೊಂದು ಇಡೀ ದೃಶ್ಯದ ಮೇಲೆ ಮಸುಕಾಗಿ ಹರಡಿಕೊಳ್ಳುತ್ತದೆ, ಗೋಡೆ ಗಡಿಯಾರದ ಮುಳ್ಳು 2 ಗಂಟೆ 53 ನಿಮಿಷದ ಬಳಿ ಮುಂದೆ ಸರಿಯಲಾರದೆ ತೊಳಲಾಡುತ್ತದೆ. ಆಮೇಲೆ ಕೂಪರ್ 1989ರ ಆ ರಾತ್ರಿಗೇ ಹೋಗಿ, ಕೊಲೆಗಾರನ ಕೈಗೆ ಸಿಗುವ ಮೊದಲೇ ಲಾರಾಳನ್ನು ಕಾಡಿನಿಂದ ಕರೆದೊಯ್ಯುತ್ತಾನೆ. ಮೊಟ್ಟಮೊದಲ ಕಂತಿನಲ್ಲಿ ನೀರಿನಂಚಿಗೆ ಬಿದ್ದಿದ್ದ ಹೆಣ ಮಾಯವಾಗುತ್ತದೆ. ನಡುದಾರಿಯಲ್ಲಿ ಲಾರಾಳೂ ಮಾಯ, ಒಂದು ಚೀತ್ಕಾರ ಮಾತ್ರ. ಹದಿನೆಂಟನೆಯ ಭಾಗ ಒಡೆಸ್ಸಾದ ಕಥೆ.

ಈ ಎರಡು ಭಾಗಗಳನ್ನು ಎರಡು ಪರದೆಗಳಲ್ಲಿ ಒಟ್ಟಿಗೇ ಹಾಕಿ ನೋಡಿ, ಒಂದರ ಮಾತಿಗೆ ಇನ್ನೊಂದು ಉತ್ತರ ಕೊಡುತ್ತದೆ ಎಂದವರಿದ್ದಾರೆ. ಹಾಗೆ ನೋಡಿದವರು ಅಲ್ಲಲ್ಲಿ ಮೈ ನವಿರೇಳುವಂಥ ಹೊಂದಿಕೆಗಳನ್ನು ತೋರಿಸುತ್ತಾರೆ. ಹೊಂದದ ಹತ್ತಾರು ನಿಮಿಷಗಳ ಬಗ್ಗೆ ಮಾತಾಡುವುದಿಲ್ಲ. ಮನೆಯ ದೀಪ ಆರಿದ್ದೇ ಗೆಲುವಿನ ಗುರುತು, ಲಾರಾಳ ಚೀತ್ಕಾರ ‘ಜೂಡಿ’ ಎಂಬ ಮೂಲ ದುಷ್ಟಶಕ್ತಿಯನ್ನು ಸುಟ್ಟುಹಾಕಿತು ಎಂಬುದು ಆಶಾವಾದಿಗಳ ಮಾತು. ಕೂಪರ್ ಸೋತ, ಲಾರಾ ಕಾಲದಲ್ಲೇ ಕಳೆದುಹೋದಳು ಎಂಬುದು ನಿರಾಶಾವಾದಿಗಳದು. ಇನ್ನೊಬ್ಬರು ನಾಲ್ಕೂವರೆ ಗಂಟೆಯ ವಿಡಿಯೊ ಮಾಡಿ, ಇದೆಲ್ಲ ಟಿ.ವಿ. ಎಂಬ ಮಾಧ್ಯಮದ ಬಗ್ಗೆಯೇ ಹೇಳಿದ ಕಥೆ, ಹೆಣ್ಣಿನ ಹೆಣವನ್ನು ಮನರಂಜನೆಯಾಗಿ ನುಂಗುವ ನಮ್ಮಂಥ ವೀಕ್ಷಕರೇ ಇಲ್ಲಿನ ಆರೋಪಿಗಳು ಎಂದು ವಾದಿಸಿದರು. ಅದನ್ನು ಪೂರ್ತಿ ಒಪ್ಪದಿದ್ದರೂ ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಇವುಗಳಲ್ಲಿ ನನಗೆ ಹೆಚ್ಚು ರುಚಿಸುವುದು ಬಾಗಿಲು ತೆರೆದ ಆ ಹೆಂಗಸಿನ ಸುತ್ತ ಹುಟ್ಟಿದ ಚರ್ಚೆ. ಆ ಪಾತ್ರ ಮಾಡಿದ ಮೇರಿ ರೀಬರ್ ವೃತ್ತಿಯ ನಟಿಯಲ್ಲ. ಚಿತ್ರೀಕರಣ ನಡೆದ, ವಾಷಿಂಗ್ಟನ್ ರಾಜ್ಯದ ಎವರೆಟ್ ಊರಿನ ಆ ಮನೆಗೆ ಅವರು ನಿಜವಾದ ಒಡತಿ. ಅಂದರೆ ಕೂಪರ್ ಕಥೆಯಿಂದ ಹೊರಬಿದ್ದು ನಮ್ಮ ಲೋಕದ ಬಾಗಿಲು ತಟ್ಟಿದ, ಅಲ್ಲಿ ಲಾರಾ ಪಾಮರ್ ಎಂಬವಳು ಹುಟ್ಟಿಯೇ ಇಲ್ಲ ಎಂದು ಒಂದು ವಾದ. ಎಷ್ಟು ಅಂದವಾಗಿದೆ! ಆದರೆ ಆಕೆ ಹೇಳುವ ಎರಡು ಹೆಸರು ಅದಕ್ಕೆ ಅಡ್ಡ ಬರುತ್ತವೆ. ಟ್ರೆಮಂಡ್ ಮತ್ತು ಚಾಲ್‌ಫಾಂಟ್ 1990ರ ಕಂತುಗಳಿಂದಲೂ 1992ರ ಸಿನಿಮಾದಿಂದಲೂ ಬಂದ ಹೆಸರುಗಳು: ಮೊಮ್ಮಗನನ್ನು ಕಟ್ಟಿಕೊಂಡು ಓಡಾಡುವ ನಿಗೂಢ ಮುದುಕಿಯ ಹೆಸರುಗಳು. ಆಗಲೂ ಒಬ್ಬಳು ಹುಡುಗಿ ಆ ಮುದುಕಿಯನ್ನು ಹುಡುಕಿ ಎರಡನೇ ಸಲ ಬಾಗಿಲು ತಟ್ಟಿದಾಗ ತೆರೆದವಳು ಬೇರೊಬ್ಬ ಮಿಸೆಸ್ ಟ್ರೆಮಂಡ್; ಅಂಥ ಮುದುಕಿ ಇಲ್ಲಿ ಯಾರೂ ಇಲ್ಲ ಎಂದಿದ್ದಳು. ನಮ್ಮ ಲೋಕವಾದರೆ ಈ ಹೆಸರುಗಳು ಅಲ್ಲಿಗೇಕೆ ಬಂದವು? ಕಥೆಯ ಲೋಕವಾದರೆ ನಿಜವಾದ ಒಡತಿಯನ್ನು ಏಕೆ ನಿಲ್ಲಿಸಿದರು? ಬೇಲಿಯ ಎರಡೂ ಕಡೆ ಒಂದೊಂದು ಕಾಲಿಟ್ಟು ನಿಂತ ದೃಶ್ಯ ಇದು.

ಎಲ್ಲವೂ ಮೊದಲೇ ಯೋಚಿಸಿ ಇಟ್ಟದ್ದು ಎನ್ನುವವರಿಗೆ ನೆನಪಿಸಬೇಕಾದ ಸಂಗತಿಗಳು ಬೇರೆ ಇವೆ. ಬಾಬ್ ಪಾತ್ರದ ಫ್ರಾಂಕ್ ಸಿಲ್ವಾ ಸೆಟ್ಟಿನ ಅಲಂಕಾರದ ಕೆಲಸಗಾರ. ಮೊದಲ ಕಂತಿನ ಚಿತ್ರೀಕರಣದಲ್ಲಿ ಅವರ ಪ್ರತಿಬಿಂಬ ಅಕಸ್ಮಾತ್ತಾಗಿ ಕನ್ನಡಿಯಲ್ಲಿ ಬಿತ್ತು. ಕ್ಯಾಮೆರಾದವರು ಇನ್ನೊಮ್ಮೆ ತೆಗೆಯೋಣ ಎನ್ನುವ ಹೊತ್ತಿಗೆ ಲಿಂಚ್, ಹಾಗೇ ಇರಲಿ ಎಂದರು. ಲಾರಾ ಪಾತ್ರದ ಷೆರಿಲ್ ಲೀ ಅವರನ್ನು ಸಿಯಾಟಲ್‌ನಿಂದ ಕರೆಸಿದ್ದು ಹೆಣವಾಗಿ ಮಲಗಲು. ಇನ್ನು ಆ ಕೆಂಪು ಕೋಣೆ! ಮೊದಲ ಕಂತನ್ನು ಯುರೋಪಿನಲ್ಲಿ ಸಿನಿಮಾದಂತೆ ಮಾರಲು ಪೂರ್ತಿ ಮುಗಿದ ಕಥೆಯೇ ಬೇಕು, ಕೊಲೆಗಾರ ಸಿಗಲೇಬೇಕು ಎಂಬ ಕರಾರಿತ್ತು. ಆ ಬಲವಂತದ ಮುಕ್ತಾಯಕ್ಕಾಗಿ ತಲೆಕೆಡಿಸಿಕೊಂಡಿದ್ದಾಗ, ಬಿಸಿಲಿಗೆ ಕಾದ ಕಾರಿನ ಮೇಲೆ ಕೈಯೂರಿ ನಿಂತ ಲಿಂಚ್ ಅವರಿಗೆ ಕೆಂಪು ಕೋಣೆ ಹೊಳೆಯಿತಂತೆ. ಟಿ.ವಿ. ಚರಿತ್ರೆಯಲ್ಲೇ ಅತಿ ಹೆಚ್ಚು ಅರ್ಥ ಹುಡುಕಿಸಿಕೊಂಡ ಕೋಣೆ ಹುಟ್ಟಿದ್ದು ಮಾರಾಟಗಾರರು ಕೇಳಿದ ನೇರ ಉತ್ತರದಿಂದ.

ನಮ್ಮ ಓದುಗರಿಗೆ ಹತ್ತಿರದ ಒಂದು ಎಳೆಯೂ ಈ ಜಗಳದಲ್ಲಿದೆ. ಹದಿನಾಲ್ಕನೆಯ ಭಾಗದಲ್ಲಿ, ಎಫ್‌ಬಿಐ ಅಧಿಕಾರಿಯ ಕನಸಿಗೆ ಇಟಲಿಯ ನಟಿ ಮೋನಿಕಾ ಬೆಲೂಚಿ ಬಂದು, ಕನಸು ಕಂಡು ಅದರೊಳಗೇ ಬದುಕುವವನ ಮಾತೆತ್ತಿ, ಹಾಗಾದರೆ ಕನಸು ಕಾಣುತ್ತಿರುವವರು ಯಾರು ಎಂದು ಕೇಳುತ್ತಾಳೆ. ಆ ಅಧಿಕಾರಿಯ ಪಾತ್ರ ಸ್ವತಃ ಲಿಂಚ್ ಅವರದು. ಮಾತಿನ ಮೂಲ ಉಪನಿಷತ್ತು. ಲಿಂಚ್ 1973ರಿಂದಲೂ ಮಹರ್ಷಿ ಮಹೇಶ ಯೋಗಿಗಳ ಭಾವಾತೀತ ಧ್ಯಾನ ಮಾಡುತ್ತಿದ್ದವರು. ತನ್ನೊಳಗಿನಿಂದಲೇ ನೂಲು ತೆಗೆದು ಬಲೆ ನೇಯುವ ಜೇಡದ ಮಾತನ್ನೂ ಈ ಕನಸಿನ ಮಾತನ್ನೂ 2006ರ ತಮ್ಮ ಪುಸ್ತಕದಲ್ಲೇ ಉಲ್ಲೇಖಿಸಿದ್ದರು. ಹಾಗಾಗಿ ‘ಎಲ್ಲವೂ ಕನಸು’ ಎಂಬ ವ್ಯಾಖ್ಯಾನ ಪಶ್ಚಿಮದ ಅಭಿಮಾನಿಗಳಿಗೆ ಮೋಸದಂತೆ ಕಂಡರೆ ಆಶ್ಚರ್ಯವಿಲ್ಲ. ಅಲ್ಲಿ ಕನಸೆಂದರೆ ಸುಳ್ಳು, ಎದ್ದಮೇಲೆ ಲೆಕ್ಕಕ್ಕಿಲ್ಲ. ಮಾಂಡೂಕ್ಯದ ದಾರಿಯಲ್ಲಿ ನೋಡಿದರೆ ಎಚ್ಚರವೂ ಒಂದು ಅವಸ್ಥೆ, ಕನಸೂ ಒಂದು ಅವಸ್ಥೆ. ಕನಸಿನಲ್ಲಿ ಪಟ್ಟ ನೋವು ಕನಸಿರುವಷ್ಟು ಹೊತ್ತು ನೋವೇ. ಇದರಿಂದ ಒಗಟು ಬಿಡಿಸಿದಂತಾಯಿತು ಎಂದು ನಾನು ಹೇಳುವುದಿಲ್ಲ. ‘ಕನಸು ಅಷ್ಟೇ’ ಎಂಬ ಮಾತಿನ ‘ಅಷ್ಟೇ’ ಇಲ್ಲಿ ನಿಲ್ಲುವುದಿಲ್ಲ.

ನನ್ನ ಪಕ್ಷ ಯಾವುದು ಎಂದರೆ, ಆ ಮನೆಯನ್ನು ನೋಡಿ ಎನ್ನುತ್ತೇನೆ. ಇದು ಲಾರಾಳ ತಂದೆ ವರ್ಷಗಟ್ಟಲೆ ಮಗಳ ಮೇಲೆ ಅತ್ಯಾಚಾರ ಮಾಡಿದ ಮನೆ. ಧಾರಾವಾಹಿಯ ಗುಟ್ಟು ಎಂದರೆ ಕೊನೆಗೆ ಇಷ್ಟೇ. ಲೀಲಂಡ್ ಸತ್ತ ಮೇಲೆ ಪಾತ್ರಗಳೇ ಕಾಡಿನಲ್ಲಿ ನಿಂತು ಇದನ್ನು ಚರ್ಚಿಸುತ್ತವೆ: ದೆವ್ವ ಮೆಟ್ಟಿತ್ತು ಎಂದು ನಂಬುವುದು ಕಷ್ಟ ಎನ್ನುತ್ತಾನೆ ಒಬ್ಬ, ಹೆತ್ತ ತಂದೆಯೇ ಹೀಗೆ ಮಾಡಿದ ಎಂದು ನಂಬುವುದು ಸುಲಭವೇ ಎಂದು ಕೇಳುತ್ತಾನೆ ಕೂಪರ್. ಆ ಊರು ದೆವ್ವವನ್ನು ಆರಿಸಿಕೊಂಡಿತು. ಅಭಿಮಾನಿಗಳಲ್ಲೂ ಬಹಳಷ್ಟು ಜನ ಅದನ್ನೇ ಆರಿಸಿಕೊಂಡು ಜೂಡಿ, ಲಾಡ್ಜ್, 430 ಮೈಲಿ, ಗಡಿಯಾರದ ಮುಳ್ಳು ಎಂದು ನಕ್ಷೆ ಬರೆಯುತ್ತ ಕೂತಿದ್ದಾರೆ. ಸಿನಿಮಾದಲ್ಲಿ ಲಾರಾ ಬಾಬ್‌ಗೆ ತನ್ನನ್ನು ಬಿಟ್ಟುಕೊಡದೆ ಸತ್ತವಳು. ಕೆಂಪು ಕೋಣೆಯಲ್ಲಿ ದೇವತೆಯನ್ನು ಕಂಡು ಅಳುತ್ತ ನಕ್ಕವಳು. ಅವಳಿಗೆ ದಕ್ಕಿದ್ದ ಬಿಡುಗಡೆ ಅದೊಂದೇ. ಕೂಪರ್ ಅದನ್ನೂ ಅಳಿಸಿ, ಅವಳನ್ನು ಇನ್ನೊಂದು ಹೆಸರಿನಲ್ಲಿ, ಇನ್ನೊಂದು ಊರಿನಲ್ಲಿ ಹುಡುಕಿ ಹಿಡಿದು, ರಾತ್ರಿಯೆಲ್ಲ ಕಾರು ಓಡಿಸಿ, ಅವಳು ಯಾವುದರಿಂದ ತಪ್ಪಿಸಿಕೊಳ್ಳಬೇಕಾಗಿತ್ತೋ ಅದರ ಬಾಗಿಲಿಗೇ ತಂದು ನಿಲ್ಲಿಸುತ್ತಾನೆ. ಒಳ್ಳೆಯವನು, ಪಾಪ. ಪ್ರಕರಣವನ್ನು ಸರಿಯಾಗಿ ಮುಗಿಸಬೇಕು ಎಂಬ ಹಂಬಲ ಅವನದು. ನಮ್ಮ ಹಂಬಲವೂ ಅದೇ ಆಗಿತ್ತು. ಆ ಚೀತ್ಕಾರಕ್ಕೆ ಅರ್ಥ ಕೇಳುವವರನ್ನು ಕಂಡಾಗ, ಅವಳಿಗೆ ಎಲ್ಲ ನೆನಪಾಯಿತು ಎಂಬುದಕ್ಕಿಂತ ಹೆಚ್ಚಿನ ಅರ್ಥ ಏಕೆ ಬೇಕು ಎನಿಸುತ್ತದೆ.

ಹಾಗೆಂದು ಲಿಂಚ್ ಮಾಡಿದ್ದೆಲ್ಲ ಸರಿ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಆಡ್ರಿ ಹಾರ್ನ್ ವಿಷಯದಲ್ಲಿ ಮೋಸಹೋದೆವು ಎನ್ನುವವರ ಜತೆಗೇ ನಾನಿದ್ದೇನೆ. 1991ರಲ್ಲಿ ಬ್ಯಾಂಕಿನ ತಿಜೋರಿ ಕೋಣೆಯಲ್ಲಿ ಬಾಂಬ್ ಸಿಡಿದಾಗ ಅಲ್ಲಿದ್ದ ಹುಡುಗಿ ಅವಳು. 26 ವರ್ಷ ಅವಳಿಗಾಗಿ ಕಾದವರಿಗೆ ಹನ್ನೆರಡನೆಯ ಭಾಗದಲ್ಲಿ ಅವಳು ಕಾಣಿಸುತ್ತಾಳೆ, ಗಂಡನೆನಿಸಿಕೊಂಡವನೊಂದಿಗೆ ಮುಗಿಯದ ವಾಗ್ವಾದದಲ್ಲಿ. ಹದಿನಾರನೆಯದರಲ್ಲಿ ರೋಡ್‌ಹೌಸ್ ಎಂಬ ಬಾರಿಗೆ ಬಂದು, ತನ್ನದೇ ಹಳೆಯ ರಾಗಕ್ಕೆ ಕುಣಿಯುತ್ತಾಳೆ. ಗಲಾಟೆಯೆದ್ದು, ಇಲ್ಲಿಂದ ಕರೆದುಕೊಂಡು ಹೋಗು ಎಂದು ಬೇಡುತ್ತಾಳೆ. ಫಕ್ಕನೆ ಬೆಳ್ಳಗಿನ ಜಾಗವೊಂದರಲ್ಲಿ ಕನ್ನಡಿಯೆದುರು ದಿಗಿಲಿನಿಂದ ತನ್ನ ಮುಖ ನೋಡಿಕೊಳ್ಳುತ್ತಾಳೆ. ಅಲ್ಲಿಗೆ ಅವಳ ಕಥೆ ಕತ್ತರಿಸಿಹೋಯಿತು. ಲಾರಾಳ ಕೊನೆ ಉತ್ತರವಿಲ್ಲದಿದ್ದರೂ ತೂಕವಾಗಿ ನಿಲ್ಲುವುದು ಅದರ ಹಿಂದೆ ಇಪ್ಪತ್ತೇಳು ವರ್ಷದ ಕಥೆಯಿರುವುದರಿಂದ. ಆಡ್ರಿಯದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ತೆರೆದ ಮುಕ್ತಾಯ ಎಂಬ ಗೌರವದ ಹೆಸರಿನಡಿ ಬರೆದವರ ಅಸಡ್ಡೆಯನ್ನೂ ಸೇರಿಸಿ ಒಪ್ಪಿಕೊಂಡರೆ, ಆಮೇಲೆ ಯಾರು ಯಾವ ಕಥೆಯನ್ನು ಎಲ್ಲಿ ಬೇಕಾದರೂ ಬಿಟ್ಟು ಹೋಗಬಹುದು.

ಫ್ರಾಸ್ಟ್ ಮಾತ್ರ ತಮ್ಮ ಹಳೆಯ ಋಣವನ್ನು ಮರೆಯಲಿಲ್ಲ. ಕೊನೆಯ ಕಂತು ಬಂದ ಎರಡು ತಿಂಗಳೊಳಗೆ ‘ದಿ ಫೈನಲ್ ಡಾಸಿಯೆ’ ಎಂಬ ಪುಸ್ತಕ ತಂದರು. ಎಫ್‌ಬಿಐ ವರದಿಯ ರೂಪದ ಅದರಲ್ಲಿ ಊರಿನ ಒಬ್ಬೊಬ್ಬರ ಗತಿ ಏನಾಯಿತೆಂದು ಅಚ್ಚುಕಟ್ಟಾಗಿ ದಾಖಲಿಸಿದ್ದಾರೆ. ಲಾರಾ ಕೊಲೆಯಾಗಲಿಲ್ಲ, ಕಾಣೆಯಾದಳು ಎಂದು ಹಳೆಯ ಪತ್ರಿಕೆಗಳು ಈಗ ಹೇಳುತ್ತಿವೆ, ಊರಿನವರ ನೆನಪೂ ಮಬ್ಬಾಗುತ್ತಿದೆ ಎಂಬುದೂ ಅದರಲ್ಲಿದೆ. ಪುಸ್ತಕ ಕಥೆಯ ಅಧಿಕೃತ ಭಾಗವೋ ಅಲ್ಲವೋ ಎಂದು ಅದರ ಮೇಲೂ ಜಗಳವಾಯಿತು. ಲಿಂಚ್ 2025ರ ಜನವರಿಯಲ್ಲಿ ತೀರಿಕೊಂಡರು. ಅರ್ಥ ಹೇಳದೆಯೇ ಹೋದರು. ಹೇಳಿದ್ದರೆ ಜಗಳ ನಿಲ್ಲುತ್ತಿತ್ತೆಂದು ನನಗೆ ನಂಬಿಕೆಯಿಲ್ಲ. 1990ರಲ್ಲಿ ಉತ್ತರ ಕೊಟ್ಟು ನೋಡಿಯಾಗಿತ್ತಲ್ಲ.

ಜಗಳದ ಮುಖ ಮಾತ್ರ ಈಗ ಸ್ವಲ್ಪ ಬದಲಾಗುತ್ತಿದೆ. ಕನ್ನಡಿಯಲ್ಲಿ ಬಾಬ್ ನಕ್ಕಿದ್ದನ್ನು ಹದಿಹರೆಯದಲ್ಲಿ ನೋಡಿ, ಮುಂದೇನಾಯಿತು ಎಂದು ತಿಳಿಯಲು ನಲವತ್ತು ದಾಟುವವರೆಗೆ ಕಾದವರ ಸಿಟ್ಟು ಒಂದು ಬಗೆಯದು. ಎಲ್ಲ 48 ಕಂತುಗಳನ್ನು ಸಾಲಾಗಿ ಒಂದು ತಿಂಗಳೊಳಗೆ ನೋಡಿ ಮುಗಿಸುವ ಇಂದಿನವರಿಗೆ ಆ ಕಾಯುವಿಕೆಯೇ ಇಲ್ಲ. ಹೀಗಾಗಿ ಅವರಲ್ಲಿ ಮೋಸ ಎನ್ನುವವರು ಕಡಿಮೆ, ಗೊಂದಲ ಎನ್ನುವವರು ಹೆಚ್ಚು. ಅವರಲ್ಲಿ ಅನೇಕರು ಮೊದಲೆರಡು ಸೀಸನ್ ಮುಗಿಸಿ ನೇರವಾಗಿ 2017ಕ್ಕೆ ಜಿಗಿಯುತ್ತಾರೆ, ನಡುವಿನ ಸಿನಿಮಾವನ್ನು ಬೇಕಾದರೆ ನೋಡಿದರಾಯಿತು ಎಂದು ಪಕ್ಕಕ್ಕಿಡುತ್ತಾರೆ. ಹೊಸದಾಗಿ ಶುರುಮಾಡುವವರಿದ್ದರೆ ಹಾಗೆ ಮಾಡಬೇಡಿ. ಎರಡನೇ ಸೀಸನ್ನಿನ ನಡುವಿನ ಕೆಲವು ಸಪ್ಪೆ ಕಂತುಗಳನ್ನು ಓಡಿಸಿಕೊಂಡು ನೋಡಿದರೂ ತಪ್ಪಿಲ್ಲ. ‘ಫೈರ್ ವಾಕ್ ವಿತ್ ಮೀ’ಯನ್ನು ಮಾತ್ರ ಮೂರನೇ ಸೀಸನ್ನಿಗೆ ಮೊದಲೇ, ಪೂರ್ತಿಯಾಗಿ ನೋಡಿ. ಆಮೇಲೆ ಆ ಬಾಗಿಲ ಬಳಿ ಯಾರ ಪಕ್ಷ ಹಿಡಿಯುವುದು ಎಂಬುದು ನಿಮಗೆ ಬಿಟ್ಟದ್ದು.